ಮರೆಯಾದ ವಿಜೇತರು

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಆದರೆ ಗೆದ್ದವರನ್ನೇ ಲೋಕವು ಮರೆತುಬಿಟ್ಟ ಪ್ರಸಂಗಗಳೂ ಇತಿಹಾಸದಲ್ಲಿ ಇಲ್ಲದಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟದ ಕಥೆ ಇದಕ್ಕೊಂದು ನಿದರ್ಶನ.

ಈ ಆಟದ ಹುಟ್ಟು ಬಲು ಸರಳವಾದುದು. 1891ರ ಡಿಸೆಂಬರ್ ತಿಂಗಳಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಛಾವಣಿಯ ಕೆಳಗೆ ಆಡಬಹುದಾದ ಆಟವೊಂದನ್ನು ತಮ್ಮ ವಿದ್ಯಾರ್ಥಿಗಳಿಗಾಗಿ ರೂಪಿಸಿದರು. ಎತ್ತರದಲ್ಲಿ ಕಟ್ಟಿದ ಪೀಚ್ ಹಣ್ಣಿನ ಎರಡು ಬುಟ್ಟಿಗಳು, ಒಂದು ಕಾಲ್ಚೆಂಡು, 13 ನಿಯಮಗಳು: ಇಷ್ಟೇ ಅದರ ಬಂಡವಾಳ. ಆ 13 ನಿಯಮಗಳಲ್ಲಿ ಆಟಗಾರನ ಮೈಬಣ್ಣದ ಮಾತು ಎಲ್ಲಿಯೂ ಇರಲಿಲ್ಲ. ಅದನ್ನು ತಂದು ಸೇರಿಸಿದುದು ಸಮಾಜ.

ಕಪ್ಪು ಜನರಿಗೆ ಬಿಳಿಯರ ಕೂಟಗಳಲ್ಲಿ ಸ್ಥಾನವಿಲ್ಲದಿದ್ದ ಆ ದಿನಗಳಲ್ಲಿ, ಕೆರೀಬಿಯನ್ ಸಮುದ್ರದ ಸೇಂಟ್ ಕಿಟ್ಸ್ ದ್ವೀಪದಿಂದ ಬಂದು ನೆಲಸಿದ್ದ ರಾಬರ್ಟ್ ಡಗ್ಲಸ್ ಎಂಬವರು 1923ರಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯಲ್ಲಿ ತಮ್ಮದೇ ತಂಡವೊಂದನ್ನು ಕಟ್ಟಿದರು. ರೆನೈಸಾನ್ಸ್ ಎಂಬ ನೃತ್ಯಶಾಲೆಯೇ ಅದರ ಕ್ರೀಡಾಂಗಣವಾಯಿತು. ಅದರ ಹೆಸರೇ ತಂಡದ ಹೆಸರೂ ಆಯಿತು. ಜನರು ಅದನ್ನು ಪ್ರೀತಿಯಿಂದ 'ರೆನ್ಸ್' ಎಂದು ಕರೆದರು. ಆಟ ಮುಗಿದ ಮೇಲೆ ಅದೇ ನೆಲದ ಮೇಲೆ ನೃತ್ಯ ನಡೆಯುತ್ತಿತ್ತು.

ಈ ಆಟಗಾರರ ಜೀವನವು ಬಹುಮಟ್ಟಿಗೆ ಬಸ್ಸಿನಲ್ಲಿಯೇ ಕಳೆಯಿತು. ಊರಿಂದೂರಿಗೆ ಸಂಚರಿಸಿ ಅವರು ಪಂದ್ಯಗಳನ್ನಾಡಿದರು. ಹಣ ಕೊಟ್ಟು ಅವರ ಆಟವನ್ನು ನೋಡಿ ಚಪ್ಪಾಳೆ ತಟ್ಟಿದ ಊರಿನಲ್ಲಿಯೇ ಎಷ್ಟೋ ಸಲ ಅವರಿಗೆ ಊಟ ಬಡಿಸುವ ಹೋಟೆಲಾಗಲಿ, ಮಲಗಲು ಕೋಣೆಯಾಗಲಿ ದೊರೆಯುತ್ತಿರಲಿಲ್ಲ. ಇಷ್ಟಾದರೂ 1932–33ರ ಋತುವಿನಲ್ಲಿ ಅವರು ಒಂದೇ ಸಮನೆ 88 ಪಂದ್ಯಗಳನ್ನು ಗೆದ್ದರು. ಚೆಂಡನ್ನು ನೆಲಕ್ಕೆ ಹೆಚ್ಚು ಪುಟಿಸದೆ, ಕೈಯಿಂದ ಕೈಗೆ ಮಿಂಚಿನಂತೆ ಸಾಗಿಸುವ ಅವರ ಚಾತುರ್ಯವು ನೋಡುವವರನ್ನು ಬೆರಗುಗೊಳಿಸುತ್ತಿತ್ತು.

1939ರ ಮಾರ್ಚ್ ತಿಂಗಳಲ್ಲಿ ಷಿಕಾಗೋ ನಗರದಲ್ಲಿ ವೃತ್ತಿಪರ ತಂಡಗಳ ವಿಶ್ವ ಪಂದ್ಯಾವಳಿ ನಡೆಯಿತು. ಕಪ್ಪು ಜನರ ತಂಡಗಳಿಗೂ ಬಿಳಿಯರ ತಂಡಗಳಿಗೂ ಅದರಲ್ಲಿ ಆಹ್ವಾನವಿತ್ತು. ಕೊನೆಯ ಪಂದ್ಯದಲ್ಲಿ ರೆನ್ಸ್ ತಂಡವು ಬಿಳಿಯರ ಬಲಿಷ್ಠ ತಂಡವಾದ ಆಷ್‌ಕಾಷ್ ಆಲ್‌ಸ್ಟಾರ್ಸನ್ನು 34–25 ಅಂಕಗಳಿಂದ ಸೋಲಿಸಿತು. ವಿಜೇತರಿಗೆ ದೊರೆತ ಜಾಕೆಟ್ಟಿನ ಮೇಲೆ 'ಬಣ್ಣದವರ ವಿಶ್ವವಿಜೇತರು' ಎಂಬರ್ಥದ ಬರಹವಿತ್ತು. ತಂಡದ ತರುಣ ಆಟಗಾರ ಜಾನ್ ಐಸಾಕ್ಸ್ ಬ್ಲೇಡನ್ನು ತೆಗೆದುಕೊಂಡು ಬಣ್ಣವನ್ನು ಸೂಚಿಸುವ ಆ ಒಂದು ಪದವನ್ನು ಮಾತ್ರ ಕತ್ತರಿಸಿ ತೆಗೆದರು. ಉಳಿದುದು 'ವಿಶ್ವವಿಜೇತರು' ಎಂಬ ಮಾತು. ಸತ್ಯವೂ ಅದೇ ಆಗಿತ್ತಲ್ಲವೇ?

ಮುಂದೆ 1949ರಲ್ಲಿ ಎರಡು ಕೂಟಗಳು ಒಂದಾಗಿ ಇಂದಿನ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘವು ರೂಪುಗೊಂಡಿತು. ರೆನ್ಸ್ ತಂಡಕ್ಕೆ ಅದರಲ್ಲಿ ಎಡೆ ದೊರೆಯಲಿಲ್ಲ, ತಂಡವು ಕಣ್ಮರೆಯಾಯಿತು. ಮರುವರ್ಷ, ಎಂದರೆ 1950ರಲ್ಲಿ, ಅರ್ಲ್ ಲಾಯ್ಡ್, ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್ ಎಂಬ ಕಪ್ಪು ಆಟಗಾರರು ಆ ಸಂಘದ ತಂಡಗಳನ್ನು ಸೇರಿದರು. ಬಾಗಿಲು ತೆರೆಯುವ ಹೊತ್ತಿಗೆ, ಅದನ್ನು ಬಹುಕಾಲ ತಟ್ಟಿದ್ದ ಹಿರಿಯರ ಪ್ರಾಯ ಸಂದುಹೋಗಿತ್ತು.

ಸಂಘದ ದಾಖಲೆಗಳಲ್ಲಿ ಹೆಸರಿಲ್ಲದವರನ್ನು ಶ್ರೇಷ್ಠರೆಂದು ಹೇಗೆ ಒಪ್ಪುವುದೆಂದು ಕೆಲವರು ಕೇಳಬಹುದು. ಈ ಪ್ರಶ್ನೆಯು ಮೇಲುನೋಟಕ್ಕೆ ನ್ಯಾಯವೆನಿಸಿದರೂ ಪರಿಶೀಲನೆಗೆ ನಿಲ್ಲದು. ಒಬ್ಬನನ್ನು ಪರೀಕ್ಷೆಗೆ ಕೂರಿಸದೆ, ಆತನ ಹೆಸರು ತೇರ್ಗಡೆಯಾದವರ ಪಟ್ಟಿಯಲ್ಲಿಲ್ಲವೆಂದು ಹಳಿಯುವುದು ಸರಿಯಲ್ಲ. ಮೇಲಾಗಿ, ಒಮ್ಮೆ ಅವಕಾಶ ದೊರೆತಾಗ ಅವರು ಎಲ್ಲರೆದುರು ಗೆದ್ದು ತೋರಿಸಿದ್ದರು. ಆದುದರಿಂದ ಅಂಥವರನ್ನು ಸ್ಮರಿಸುವುದು ಅವರಿಗೆ ತೋರುವ ಕರುಣೆಯಲ್ಲ, ಸಲ್ಲಿಸಬೇಕಾದ ಋಣ.

ಆ ಋಣವು ತಡವಾಗಿಯಾದರೂ ಅಲ್ಪಸ್ವಲ್ಪ ಸಂದಿದೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ನೇಸ್ಮಿತ್ ಸ್ಮಾರಕ ಕೀರ್ತಿಭವನವು 1963ರಲ್ಲಿ ರೆನ್ಸ್ ತಂಡವನ್ನೂ, 1972ರಲ್ಲಿ ಡಗ್ಲಸ್ ಅವರನ್ನೂ ಗೌರವಿಸಿತು. ಐಸಾಕ್ಸ್ ಅವರು ವೃದ್ಧಾಪ್ಯದಲ್ಲಿಯೂ ಬ್ರಾಂಕ್ಸ್‌ನ ಬಾಲಕರಿಗೆ ಆಟವನ್ನು ಕಲಿಸುತ್ತ, ಹಿಂದಿನ ದಿನಗಳ ನೆನಪುಗಳನ್ನು ಹೇಳುತ್ತ ಬಾಳಿದರು. ಅವರು ತೀರಿಕೊಂಡುದು 2009ರಲ್ಲಿ. ಕೀರ್ತಿಭವನವು ಅವರನ್ನು ಸೇರಿಸಿಕೊಂಡುದು 2015ರಲ್ಲಿ. ಆ ಗೌರವವನ್ನು ಅವರು ಕಣ್ಣಾರೆ ಕಾಣಲಿಲ್ಲ.

ಅಂಕಪಟ್ಟಿಯು ಸೋಲು ಗೆಲುವುಗಳನ್ನು ಹೇಳೀತು; ಹಸಿದು ಆಡಿದವರ ಕಷ್ಟವನ್ನು ಹೇಳಲಾರದು. ಅದು ಹಿರಿಯ ಆಟಗಾರರ ನೆನಪುಗಳಲ್ಲಿ ಮಾತ್ರ ಉಳಿದಿರುತ್ತದೆ, ಅವರೊಡನೆಯೇ ಅಳಿದೂ ಹೋಗುತ್ತದೆ. ಅವರು ಬದುಕಿರುವಾಗಲೇ ಅವರ ಮಾತನ್ನು ಕೇಳಿ ಬರೆದಿಡುವುದು, ಅವರಿಗೆ ಸಲ್ಲಬೇಕಾದ ಮನ್ನಣೆಯನ್ನು ಸಕಾಲದಲ್ಲಿ ಸಲ್ಲಿಸುವುದು, ಆಟವನ್ನು ಪ್ರೀತಿಸುವ ಪ್ರತಿಯೊಂದು ಸಮಾಜದ ಕರ್ತವ್ಯವಾಗಿದೆ.