ಕಡಲ ತೀರದಲ್ಲಿ ಡ್ಯೂಪ್ ಇರೋಲ್ಲ!

ಗುಬ್ಬಿಯಿಂದ ಒಂದು ಕಾಗದ ಬಂದಿದೆ. ಅಕ್ಷರ ಒಬ್ಬನದು, ಆಸೆ ಐವರದು!

"ಸಾರ್, ನಾವು ಐದು ಜನ ಗೆಳೆಯರು. ಹುಟ್ಟಿದಾಗಿನಿಂದ ಸಮುದ್ರ ನೋಡಿರೋದು ಪರದೆ ಮೇಲೆ ಮಾತ್ರ. ಮೂರು ದಿನ ರಜ ಸಿಕ್ಕಿದೆ, ದುಡ್ಡೂ ಹೊಂದಿಸಿಕೊಂಡಿದ್ದೀವಿ. ಸಿನಿಮಾದಲ್ಲಿ ಬರೋ ಥರ ಬಂಡೆ, ಅಲೆ, ತೆಂಗಿನ ಮರ ಮೂರೂ ಇರೋ ಒಳ್ಳೆ ಬೀಚ್ ಯಾವುದು? ನೀವು ಹೇಳಿದ ಕಡೆ ಹೋಗ್ತೀವಿ."

ಅಲ್ಲಯ್ಯ, ತೆಂಗಿನ ಮರ ನೋಡೋಕೆ ಗುಬ್ಬಿಯವರು ಕರಾವಳಿಗೆ ಹೋಗಬೇಕೇ? ಕಲ್ಪತರು ನಾಡಿನ ಹುಡುಗರು ಕೇಳೋ ಪ್ರಶ್ನೆಯೇ ಇದು! ಇರಲಿ, ತೆಂಗು ಬಿಟ್ಟು ಬಂಡೆ, ಅಲೆಗಳ ವಿಷಯಕ್ಕೆ ಬರೋಣ. "ನೀವು ಹೇಳಿದ ಕಡೆ ಹೋಗ್ತೀವಿ" ಅಂತ ಬರೆದಿದ್ದೀರಲ್ಲ, ಆ ಒಂದು ಮಾತು ನನಗೆ ರಾತ್ರಿ ನಿದ್ದೆ ಕೆಡಿಸಿತು. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ದಾರಿ ತೋರಿಸ್ತೀನಿ.

ನಮ್ಮ ಜಿಲ್ಲೆಯ ಒಂದು ಸ್ವಾರಸ್ಯ ಕೇಳಿ. ಇಲ್ಲಿ ಸಮುದ್ರ ಇಲ್ಲ, ನಿಜ. ಆದರೆ ನಮ್ಮ ಮೂರು ಬಸ್ ಸ್ಟಾಂಡುಗಳಿಂದ ಮೂರು ಹೆದ್ದಾರಿಗಳು ಸಮುದ್ರದ ಕಡೆಗೇ ಹೊರಡುತ್ತವೆ. ಮೂರೂ ಮೂರು ಬೇರೆ ಬೇರೆ ಕಡಲಿಗೆ!

ಕುಣಿಗಲ್ಲಿನವರು ಬಸ್ ಹತ್ತಿದರೆ ಯಡಿಯೂರು, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು. ಅಂದಾಜು 280 ಕಿಲೋಮೀಟರ್. ಇದು ತೆಂಕಣ ಕಡಲು. ಇಲ್ಲಿ ಮರಳು ಉದ್ದಕ್ಕೆ ನೇರವಾಗಿ ಹಾಸಿಕೊಂಡಿರುತ್ತೆ. ಪಣಂಬೂರು, ತಣ್ಣೀರುಬಾವಿ, ಇನ್ನೂ ಬಡಗಲಿಗೆ ಹೋದರೆ ಪಡುಬಿದ್ರಿ, ಕಾಪು, ಮಲ್ಪೆ. ಕಾಪುವಿನಲ್ಲಿ ಬಂಡೆಯ ಮೇಲೆ ನಿಂತಿರೋ ದೀಪಸ್ತಂಭ 1901ರದ್ದು. ಮಲ್ಪೆ ಅಂದರೆ ನಿಮಗೆ ಹೇಳೋದೇ ಬೇಡ, 2014ರ 'ಉಳಿದವರು ಕಂಡಂತೆ' ಚಿತ್ರದ ಊರು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದರೆ ಕಲ್ಲಿನ ಕಂಬಗಳನ್ನು ಜೋಡಿಸಿಟ್ಟಂತೆ ಕಾಣುತ್ತೆ. ಯಾವ ಕಲಾ ನಿರ್ದೇಶಕನೂ ಹಾಕಿದ ಸೆಟ್ ಅಲ್ಲ ಅದು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ನಮ್ಮ ನೆಲ ಮಡಗಾಸ್ಕರ್‌ನಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾ ತಣ್ಣಗಾಗಿ ಸೀಳಿ ಆದ ಕಂಬಗಳು. ಬಂಡೆ ಬೇಕೇ ಬೇಕು ಅನ್ನೋರಿಗೆ ಉಳ್ಳಾಲದ ಬಳಿ ಸೋಮೇಶ್ವರವಿದೆ. ದೇವಸ್ಥಾನದ ಪಕ್ಕದಲ್ಲೇ ರುದ್ರಶಿಲೆ. ನೋಡೋಕೆ ಎರಡು ಕಣ್ಣು ಸಾಲದು. ಆದರೆ ಅಲ್ಲಿ ಕಣ್ಣಿಗೆ ಮಾತ್ರ ಕೆಲಸ ಕೊಡಿ, ಕಾಲಿಗೆ ಬೇಡ.

ಇನ್ನೂ ತೆಂಕಕ್ಕೆ, ಕಾಸರಗೋಡಿನ ಕನ್ನಡಿಗರ ಊರುಗಳನ್ನು ದಾಟಿದರೆ ಬೇಕಲ ಕೋಟೆ. 'ಬಾಂಬೆ' (1995) ಚಿತ್ರದಲ್ಲಿ ಮಳೆಗಾಳಿಯಲ್ಲಿ ನಿಂತಿದ್ದ ಆ ಕೋಟೆ ಗೋಡೆ ಇದೇ. ಮೇಲೆ ಕೋಟೆ, ಕೆಳಗೆ ಕಡಲು. ಗೋಡೆಯ ಈಚೆ ನಿಂತೇ ಮನಸ್ಸು ತುಂಬುತ್ತೆ.

ಗುಬ್ಬಿಯ ಹುಡುಗರೇ, ಈಗ ನಿಮ್ಮ ದಾರಿ. ನಿಮ್ಮ ಊರಿನ ನಡುವೆ ಹಾದುಹೋಗೋ ಹೆದ್ದಾರಿ ಇದೆಯಲ್ಲ, ಹಳೇ ಲೆಕ್ಕದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 206. ತುಮಕೂರಿನಲ್ಲಿ ಹುಟ್ಟಿ ಗುಬ್ಬಿ, ನಿಟ್ಟೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ ದಾಟಿ, ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರದಲ್ಲಿ ಮುಗಿಯುತ್ತಿತ್ತು. ಹತ್ತಿರ ಹತ್ತಿರ 360 ಕಿಲೋಮೀಟರ್. ಈಗ ನಂಬರು ಬದಲಾಗಿದೆ, ದಾರಿ ಅದೇ. ಅಂದರೆ ನೀವು ಇಷ್ಟು ವರ್ಷ ಕಾಫಿ ಕುಡಿದು ಹರಟೆ ಹೊಡೆದಿದ್ದು ಸಮುದ್ರದ ದಾರಿಯಲ್ಲೇ!

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತಾಳೆ. ಸೇತುವೆ ದಾಟಿದರೆ ಕಾಸರಕೋಡು. 2020ರಲ್ಲಿ ದೇಶದ ಎಂಟು ಕಡಲತೀರಗಳಿಗೆ 'ಬ್ಲೂ ಫ್ಲ್ಯಾಗ್' ಮನ್ನಣೆ ಸಿಕ್ಕಿತಲ್ಲ, ಅದರಲ್ಲಿ ಕರ್ನಾಟಕದವು ಎರಡು. ಒಂದು ಪಡುಬಿದ್ರಿ, ಇನ್ನೊಂದು ಈ ಕಾಸರಕೋಡು. ಆ ಬಾವುಟ ಚೆಂದ ನೋಡಿ ಕೊಡೋದಲ್ಲ. ನೀರು ಶುಚಿಯಾಗಿರಬೇಕು, ದಡದಲ್ಲಿ ಜೀವರಕ್ಷಕರು ಇರಬೇಕು, ಆಗ ಮಾತ್ರ. ಇನ್ನಷ್ಟು ದೂರದಲ್ಲಿ ಅಪ್ಸರಕೊಂಡ, ಗುಡ್ಡದ ಮೇಲಿಂದ ಕಡಲು ಕಾಣುತ್ತೆ. ಮತ್ತೆ ಮುರುಡೇಶ್ವರ, 123 ಅಡಿಯ ಶಿವ, ಮೂರು ಕಡೆ ನೀರು.

ತುಮಕೂರು ಪಟ್ಟಣದವರದ್ದು ಮೂರನೇ ದಾರಿ. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ ದಾಟಿ ಅಂಕೋಲಾ. ದೂರ ಜಾಸ್ತಿ, ಒಂದು ರಾತ್ರಿಯ ಪ್ರಯಾಣ. ಆದರೆ ನೀವು ಕೇಳಿದ ಬಂಡೆ ಸೀನು ನಿಜವಾಗಿ ಇರೋದು ಇಲ್ಲೇ. ಈ ಭಾಗದಲ್ಲಿ ಸಹ್ಯಾದ್ರಿಯ ಗುಡ್ಡಗಳು ಕಡಲಿನ ಬಾಯಿಗೇ ಬಂದು ನಿಂತಿವೆ. ಅದಕ್ಕೇ ದಡ ತುಂಡು ತುಂಡು. ಒಂದು ಗುಡ್ಡ, ಒಂದು ಮರಳಿನ ಬಟ್ಟಲು, ಮತ್ತೆ ಗುಡ್ಡ. ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಸಾಲಾಗಿ ಇರೋದು ಹೀಗೇ. ಓಂ ಬೀಚನ್ನು ಮೇಲಿನಿಂದ ನೋಡಿದರೆ ಅಕ್ಷರ ಬರೆದ ಹಾಗೇ ಇದೆ. ಮೇಲಕ್ಕೆ ಹೋದರೆ ಕಾರವಾರ. ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ತರುಣ ರವೀಂದ್ರನಾಥ ಟಾಗೋರ್ 1880ರ ದಶಕದಲ್ಲಿ ಬಂದು, ಆ ಕಡಲು ನೋಡಿ ನಾಟಕ ಬರೆದರು. ಅಲ್ಲಿನ ತೀರಕ್ಕೆ ಇವತ್ತೂ ಅವರದೇ ಹೆಸರು.

ದಾರಿ ತೋರಿಸಿದ್ದಾಯಿತು. ಈಗ ನಿದ್ದೆಗೆಟ್ಟ ವಿಷಯ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಾವೂ ಐದೇ ಜನ. ಊರಿನ ಹೆಸರು ಬೇಡ, ಇದೇ ಕರಾವಳಿಯ ಒಂದು ಬಂಡೆಯ ತೀರ. ನಮ್ಮಲ್ಲಿ ಒಬ್ಬ ಭಾರೀ ಈಜುಗಾರ. ತೋಟದ ಬಾವಿಗೆ ಮೇಲಿಂದ ಡೈವ್ ಹೊಡೆದು, ತಳದ ಮಣ್ಣು ಹಿಡಿದು ಮೇಲೆ ಬರುತ್ತಿದ್ದವನು. ಕ್ಯಾಮೆರಾ ನನ್ನ ಕೈಲಿ. ರೀಲಿನಲ್ಲಿ ಉಳಿದಿದ್ದು ಒಂದೇ ಫೋಟೋ. ಅವನು ಬಂಡೆ ಮೇಲೆ ಕಡಲಿಗೆ ಬೆನ್ನು ಹಾಕಿ, ಎರಡೂ ಕೈ ಚಾಚಿ ನಿಂತ. ಹೀರೋ ಪೋಸು! ಅಲೆ ಸರಿಯಾಗಿ ಬರುತ್ತಿಲ್ಲ ಅಂತ ನಾನು ಹೇಳಿದೆ: "ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗೋ."

ಅವನು ಹೋದ. ನಾನು ಗುಂಡಿ ಒತ್ತಿದೆ.

ಅಲೆ ಮಂಡಿಗಿಂತ ಎತ್ತರ ಇರಲಿಲ್ಲ ಕಣ್ರೀ. ಅದು ಬಂದಾಗ ಅವನು ನಿಂತೇ ಇದ್ದ. ವಾಪಸ್ ಹೋಗುವಾಗ ಎಳೆದುಕೊಂಡು ಹೋಯಿತು. ಎರಡು ಬಂಡೆ ನಡುವಿನ ಸಂದಿಯಲ್ಲಿ ತಲೆ ಒಮ್ಮೆ ಕಂಡಿತು, ಆಮೇಲೆ ಇಲ್ಲ. ನಾವು ನಾಲ್ವರು ಕೂಗಿದ್ದೇ ಕೂಗಿದ್ದು. ಬಲೆ ಸರಿಮಾಡುತ್ತಾ ಕೂತಿದ್ದ ಒಬ್ಬ ಮೀನುಗಾರರು ಹಗ್ಗ, ತೇಲೋ ಟ್ಯೂಬು ತಗೊಂಡು ನೀರಿಗಿಳಿದು, ಹೇಗೋ ಎಳೆದು ತಂದರು. ಮೈಯೆಲ್ಲ ಚಿಪ್ಪು ಕೊಯ್ದ ಗಾಯ. ಉಸಿರಿತ್ತು. ಆ ಹಿರಿಯರು ಬೈಯಲಿಲ್ಲ. "ಕಡಲಿಗೆ ಬೆನ್ನು ಹಾಕಬಾರದು ಮಾರಾಯ್ರೆ" ಅಂದರು, ಅಷ್ಟೇ.

ವಾಪಸ್ ಬರೋವಾಗ ಬಸ್ಸಿನಲ್ಲಿ ಅರಸೀಕೆರೆ ತನಕ ಯಾರೂ ಮಾತಾಡಲಿಲ್ಲ. ರೀಲು ತೊಳೆಸಿದಾಗ ಆ ಕೊನೇ ಫೋಟೋದಲ್ಲಿ ಬರೀ ಬಿಳೀ ನೊರೆ. ಮನುಷ್ಯನೇ ಇಲ್ಲ. ಗೆಳೆಯ ಇವತ್ತೂ ಚೆನ್ನಾಗಿದ್ದಾನೆ, ನನ್ನ ಮೇಲೆ ಕೋಪವೂ ಇಲ್ಲ. ಆದರೆ ಪರದೆ ಮೇಲೆ ಸಮುದ್ರ ಬಂದ ಕೂಡಲೇ ಎದ್ದು ಟೀ ಕುಡಿಯೋಕೆ ಹೊರಗೆ ಹೋಗ್ತಾನೆ. ಅವನಿಗೆ ಕಳೆದುಹೋದ ಆ ಸೀನುಗಳ ಸಾಲ ನನ್ನ ತಲೆ ಮೇಲಿದೆ.

ಗುಬ್ಬಿ ವೀರಣ್ಣನವರ ಊರಿನವರಿಗೆ ಪರದೆ ಹಿಂದೆ ಏನಿರುತ್ತೆ ಅಂತ ನಾನು ಹೇಳಿಕೊಡಬೇಕೇ? ಅವರ 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ಬರುತ್ತಿದ್ದವು. ಆದರೆ ಆನೆಗೆ ಮಾವುತ ಇದ್ದ. ಕಡಲಿಗೆ ಯಾವ ಮಾವುತನೂ ಇಲ್ಲ. ನಾಯಕ ಬಂಡೆ ಮೇಲೆ ನಿಂತಾಗ ಚೌಕಟ್ಟಿನ ಆಚೆ ಹಗ್ಗ ಹಿಡಿದವರು, ಈಜುಗಾರರು, ದೋಣಿ ಇರುತ್ತೆ. ಅದು ನಮ್ಮ ಕಣ್ಣಿಗೆ ಬೀಳೋದಿಲ್ಲ. ಅವರಿದ್ದೂ ತಪ್ಪಿದರೆ ಏನಾಗುತ್ತೆ ಅಂತ ನಾವು ನೋಡಿದ್ದೇವೆ. 2016ರ ನವೆಂಬರ್ 7, 'ಮಾಸ್ತಿಗುಡಿ' ಚಿತ್ರೀಕರಣ, ತಿಪ್ಪಗೊಂಡನಹಳ್ಳಿ ಜಲಾಶಯ. ಹೆಲಿಕಾಪ್ಟರ್‌ನಿಂದ ಹಾರಿದ ಖಳನಟರಾದ ಅನಿಲ್, ಉದಯ್ ಇಬ್ಬರೂ ಮತ್ತೆ ಜೀವಂತ ಮೇಲೆ ಬರಲಿಲ್ಲ. ಅದು ಅಲೆಯೇ ಇಲ್ಲದ ನೀರು ಸ್ವಾಮಿ! ಇನ್ನೊಂದು ಕಡೆ ನಮ್ಮ ಅಪ್ಪುವನ್ನು ನೋಡಿ. 2022ರಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಕಡಲಿನ ಆಳಕ್ಕಿಳಿದದ್ದು ಗಾಳಿಯ ಸಿಲಿಂಡರ್ ಹೊತ್ತು, ಬಲ್ಲವರ ಜೊತೆಯಲ್ಲಿ. ಅಷ್ಟು ದೊಡ್ಡ ಸ್ಟಾರಿಗೆ ಇಲ್ಲದ ನಾಚಿಕೆ ನಮಗ್ಯಾಕೆ?

ನಾವು ಬಯಲುಸೀಮೆಯವರು ಈಜು ಕಲಿಯೋದು ಬಾವಿಯಲ್ಲಿ, ಕೆರೆಯಲ್ಲಿ. ಕುಣಿಗಲ್ ಕೆರೆ ಎಷ್ಟೇ ದೊಡ್ಡದಿರಲಿ, ಅದು ನಿಂತ ನೀರು. ಕಡಲು ನಡೆಯೋ ನೀರು. ದಡಕ್ಕೆ ಬಂದ ನೀರೆಲ್ಲ ಹಿಂದಕ್ಕೆ ಹೋಗಲೇಬೇಕಲ್ಲ? ಅದು ಒಂದು ಸಂದಿ ಹಿಡಿದು, ಹೊಳೆಯ ಹಾಗೆ ಒಳಕ್ಕೆ ಹರಿಯುತ್ತೆ. ಅದೇ ಸೆಳೆತ. ಮೋಸ ಎಲ್ಲಿದೆ ಗೊತ್ತೇ? ಎರಡೂ ಪಕ್ಕ ಅಲೆ ಒಡೆಯುತ್ತಿರುತ್ತೆ, ನಡುವೆ ಒಂದು ಪಟ್ಟೆ ಶಾಂತವಾಗಿ ಕಾಣುತ್ತೆ. ಹೊಸಬರು "ಇಲ್ಲಿ ಅಲೆ ಕಮ್ಮಿ" ಅಂತ ಅಲ್ಲೇ ಇಳೀತಾರೆ. ಬಂಡೆಯ ಪಕ್ಕದಲ್ಲಂತೂ ಈ ಸೆಳೆತ ಸಾಮಾನ್ಯ. ಅಂದರೆ ಚೆಂದದ ಸೀನು ಇರೋ ಕಡೆಯೇ ಗಂಡಾಂತರವೂ ಇರುತ್ತೆ! ಸಿಕ್ಕಿಕೊಂಡರೆ ದಡದ ಕಡೆ ಎದುರೀಜು ಬೇಡ, ಎಂಥ ತೋಳೂ ಸೋಲುತ್ತೆ. ಮೊದಲು ತೇಲಿ, ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ.

2024ರ ಡಿಸೆಂಬರ್‌ನಲ್ಲಿ ಮುಳಬಾಗಿಲಿನಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಹೋದರು. ಅವರೂ ನಮ್ಮಂತೆ ಬಯಲುಸೀಮೆಯವರೇ. ಬಹುಶಃ ಮೊದಲ ಬಾರಿ ಕಡಲು ನೋಡುವ ಖುಷಿಯಲ್ಲಿದ್ದವರು.

ಆದ್ದರಿಂದ ಗೆಳೆಯರೇ, ಬೀಚ್ ಆರಿಸೋದು ಅಂದರೆ ಫೋಟೋ ನೋಡಿ ಆರಿಸೋದಲ್ಲ. ನನ್ನ ಲೆಕ್ಕ ಹೀಗೆ. ಮೊದಲನೆಯದು, ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೇ ಮೀನುಗಾರಿಕೆ ನಿಷೇಧ. ಕಡಲಲ್ಲೇ ಬಾಳೋ ಜನ ದಡ ಸೇರಿರುವಾಗ ನಮಗೇನು ಕೆಲಸ? ಮಳೆಗಾಲ ಪೂರ್ತಿ ಮುಗಿಯಲಿ, ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಎರಡನೆಯದು, ನೀರಿಗೆ ಒಂದು ಬೀಚು, ಕಣ್ಣಿಗೆ ಒಂದು ಬೀಚು, ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಕಾಲು ನೆನೆಸೋದು ಜೀವರಕ್ಷಕರಿರೋ ಮರಳಿನ ತೀರದಲ್ಲಿ. ಬಂಡೆ ತೀರವನ್ನು ಮೇಲೆ ಗುಡ್ಡದಿಂದ ನೋಡಿ. ಮೂರನೆಯದು, ಕೆಂಪು ಬಾವುಟ ಇದ್ದರೆ ಇಳಿಯೋದೇ ಬೇಡ. ನಾಲ್ಕನೆಯದು, ಗುಂಡು ಹಾಕಿದವನು ಆ ದಿನ ನೀರಿನ ಹತ್ತಿರ ಸುಳಿಯಬಾರದು. ಐದನೆಯದು, ಅಲ್ಲಿಯ ಮೀನುಗಾರರನ್ನು ಒಂದು ಮಾತು ಕೇಳಿ. "ಬೇಡ" ಅಂದರೆ ಬೇಡ. ಗೆಳೆಯ ಸೆಳೆತಕ್ಕೆ ಸಿಕ್ಕರೆ ಹಿಂದೆಯೇ ಹಾರಬೇಡಿ; ತೇಲೋ ಏನನ್ನಾದರೂ ಎಸೆಯಿರಿ, ಕೂಗಿ, 112ಕ್ಕೆ ಫೋನ್ ಮಾಡಿ.

ಈಗ ಗುಬ್ಬಿಯ ಐವರಿಗೆ ನನ್ನ ತೀರ್ಪು. ನಿಮ್ಮ ಊರಿನ ದಾರಿಯನ್ನೇ ಹಿಡಿಯಿರಿ. ಮೊದಲ ದಿನ ಕಾಸರಕೋಡು, ಅಲ್ಲಿ ಜೀವರಕ್ಷಕರನ್ನು ಕೇಳಿ, ಅವರು ತೋರಿಸಿದ ಕಡೆ ಕಾಲು ನೆನೆಸಿ. ಎರಡನೇ ದಿನ ಅಪ್ಸರಕೊಂಡದ ಗುಡ್ಡದಿಂದ ಸೂರ್ಯ ಮುಳುಗೋದನ್ನು ನೋಡಿ. ಮೂರನೇ ದಿನ ಜೋಗ ನೋಡಿಕೊಂಡು ಊರಿಗೆ. ಬಂಡೆ, ಅಲೆ ಎರಡೂ ಆಯಿತು. ತೆಂಗಿನ ಮರ ಮನೆ ಹಿತ್ತಲಲ್ಲೇ ಕಾಯುತ್ತಿರುತ್ತೆ.

ಒಂದು ಫೋಟೋ ಮಾತ್ರ ನನಗೆ ಕಳಿಸಿ. ಕಡಲು ನಿಮ್ಮ ಹಿಂದೆ ಬೇಡ, ಪಕ್ಕದಲ್ಲಿರಲಿ. ಐವರೂ ಒಣ ಮರಳಿನ ಮೇಲೆ ನಿಂತಿರಬೇಕು. ನಾನು ಮೊದಲು ಮುಖ ನೋಡೋಲ್ಲ, ತಲೆ ಎಣಿಸ್ತೀನಿ.

ಮುಂದಿನ ವಾರ ಸಿಗೋಣ.