ಹಳೆಯ ಕರ್ನಲ್ ಇರಲಿ, ಹೊಸದೂ ಬರಲಿ

ನಮ್ಮ ಕಂಪ್ಯೂಟರ್ ಲ್ಯಾಬಿನ ಗೋಡೆಯಲ್ಲಿ ‘ಯಾರೂ ಅಪ್‌ಡೇಟ್ ಮಾಡಬಾರದು’ ಎಂಬ ಚೀಟಿ ಇದೆ. ಹಿಂದೆ ಪ್ರಾಕ್ಟಿಕಲ್ ಪರೀಕ್ಷೆಗೆ ವಾರ ಇರುವಾಗ ಯಾರೋ ಅಪ್‌ಡೇಟ್ ಒತ್ತಿ, ಒಂದು ಕಂಪ್ಯೂಟರ್ ಆನ್ ಆಗಲೇ ಇಲ್ಲವಂತೆ. ಚೀಟಿ ಅಂಟಿಸಿದ ಸರ್ ಮೇಲೆ ನನಗೆ ಗೌರವವಿದೆ. ಆದರೂ ಆ ಚೀಟಿಯನ್ನು ತೆಗೆಯಬೇಕು ಎಂಬುದು ನನ್ನ ಅಭಿಪ್ರಾಯ.

ಕಾಮರ್ಸ್ ಹುಡುಗನಿಗೆ ಲಿನಕ್ಸ್ ಕರ್ನಲ್ ಚಿಂತೆ ಯಾಕೆ ಎಂದು ಚಾಮರಾಜನಗರದ ಬಸ್ಸಿನಲ್ಲಿ ಗೆಳೆಯರು ನಗುತ್ತಾರೆ. ಕಾರಣ, ಗುಂಡ್ಲುಪೇಟೆಯ ನಮ್ಮ ಅಂಗಡಿ. ಅಬ್ಬಾ ಬಿಲ್ಲು, ಉದ್ರಿ ಲೆಕ್ಕ ಎಲ್ಲವನ್ನೂ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕಲು ಆ ಲ್ಯಾಪ್‌ಟಾಪಿಗೆ ಯೋಗ್ಯತೆ ಇಲ್ಲ. ನಾನೇ ಲಿನಕ್ಸ್ ಮಿಂಟ್ ಹಾಕಿದೆ.

ಒಂದು ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿದ್ದಾಗ ಕರ್ನಲ್ ಅಪ್‌ಡೇಟ್ ಕೊಟ್ಟೆ. ಅರ್ಧದಲ್ಲಿ ಕರೆಂಟ್ ಹೋಯಿತು. ಬ್ಯಾಟರಿ ಕೆಟ್ಟು ವರ್ಷವಾಗಿತ್ತು. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಮೇಲೆ ‘ಕರ್ನಲ್ ಪ್ಯಾನಿಕ್’ ಎಂಬ ಸಾಲು. ಅದಕ್ಕಿಂತ ಹೆಚ್ಚು ಪ್ಯಾನಿಕ್ ಆದವನು ನಾನು. “ಕ್ಯಾ ಹುವಾ ರೇ?” ಎಂದು ಅಬ್ಬಾ ಹಿಂದೆ ಬಂದು ನಿಂತರು. ಮೂರು ತಿಂಗಳ ಉದ್ರಿ ಅದರೊಳಗಿತ್ತು, ನಾನು ಕಾಪಿ ತೆಗೆದಿರಲಿಲ್ಲ.

ಕಾಪಾಡಿದ್ದು ಹಳೆಯ ಕರ್ನಲ್. ಹೊಸದು ಬಂದಾಗ ಮಿಂಟ್, ಉಬುಂಟು ಹಿಂದಿನದನ್ನು ಅಳಿಸದೆ ಪಕ್ಕದಲ್ಲೇ ಇಡುತ್ತವೆ. ಆನ್ ಆಗುವಾಗ ಶಿಫ್ಟ್ ಕೀ, ಕೆಲವು ಕಂಪ್ಯೂಟರುಗಳಲ್ಲಿ ಎಸ್ಕೇಪ್ ಕೀ ಒತ್ತಿದರೆ ಗ್ರಬ್ ಮೆನು ಬರುತ್ತದೆ. ಅಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ಗೆ ಹೋಗಿ ಹಿಂದಿನ ನಂಬರ್ ಆರಿಸಿದೆ. ಎಂದಿನಂತೆ ತೆರೆಯಿತು. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಕರೆಂಟ್ ಬಂದ ಮೇಲೆ ಮುಗಿಸಿದೆ. ಹೊಸ ವರ್ಷದ ಲೆಕ್ಕದ ಪುಸ್ತಕ ತೆರೆದ ದಿನವೇ ಹಳೆಯದನ್ನು ಯಾವ ಅಂಗಡಿಯವರೂ ರದ್ದಿಗೆ ಹಾಕುವುದಿಲ್ಲವಲ್ಲ, ಹಾಗೆ.

ಅಷ್ಟು ಭಯವಿದ್ದರೆ ಅಪ್‌ಡೇಟೇ ಬೇಡ ಎನ್ನಬಹುದು. 2022ರ ಮಾರ್ಚ್‌ನಲ್ಲಿ ‘ಡರ್ಟಿ ಪೈಪ್’ ಎಂಬ ದೋಷ ಬಯಲಾಯಿತು. ಕರ್ನಲ್ 5.8ರಿಂದ ಇದ್ದ ಈ ದೋಷದಿಂದ, ಸಾಮಾನ್ಯ ಲಾಗಿನ್ ಇದ್ದವನೂ ಓದಲು ಮಾತ್ರ ಅನುಮತಿ ಇರುವ ಫೈಲನ್ನು ಬದಲಿಸಿ ಇಡೀ ಕಂಪ್ಯೂಟರಿನ ಒಡೆಯನಾಗಬಹುದಿತ್ತು. 5.16.11, 5.15.25, 5.10.102ರಲ್ಲಿ ಅದನ್ನು ಸರಿಪಡಿಸಿದರು. ಮನೆಯಲ್ಲಿ ಒಬ್ಬರೇ ಬಳಸುವ ಲ್ಯಾಪ್‌ಟಾಪಿಗಿಂತ, ದಿನಕ್ಕೆ ನೂರು ಜನ ಕೂರುವ ಲ್ಯಾಬಿಗೆ ಇಂಥದ್ದು ಹೆಚ್ಚು ಅಪಾಯ. ನಮ್ಮ ಪೈಥಾನ್ ಪ್ರೋಗ್ರಾಂಗಳೂ ರೆಕಾರ್ಡುಗಳೂ ಅಲ್ಲೇ ಇವೆ. ಲ್ಯಾಬಿನಲ್ಲಿರುವ ಕರ್ನಲ್ ನಂಬರ್ ನಾನು ನೋಡಿದ್ದೇನೆ. ಇಲ್ಲಿ ಬರೆಯುವುದಿಲ್ಲ, ಸರ್‌ಗೆ ಹೇಳಿದ್ದೇನೆ.

ಬಂಡೀಪುರ ಕಾಡು ದಾಟಿದರೆ ಸಿಗುವ ವಯನಾಡಿನ ಸರ್ಕಾರಿ ಶಾಲೆಗಳಿಗೆ ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿದ ಲಿನಕ್ಸನ್ನು ತಾನೇ ಸಿದ್ಧಮಾಡಿ ಕೊಡುತ್ತದೆ. ನಮಗೆ ಹಾಗೆ ಮಾಡಿಕೊಡುವವರಿಲ್ಲ. ಆದ್ದರಿಂದ ಪರೀಕ್ಷೆ ಮುಗಿದ ಮೇಲೆ, ರಜೆಯಲ್ಲಿ, ಮೊದಲು ಒಂದೇ ಕಂಪ್ಯೂಟರಿಗೆ ಮಾಡೋಣ. ಯುಪಿಎಸ್ ಇರಬೇಕು. ಫೈಲುಗಳು ಪೆನ್‌ಡ್ರೈವಿಗೆ ಹೋಗಬೇಕು. ಟೈಮ್‌ಶಿಫ್ಟ್ ಇದೆ ಎಂದು ಸುಮ್ಮನಿರಬೇಡಿ, ಅದು ಸಿಸ್ಟಂ ಉಳಿಸುತ್ತದೆ, ನಮ್ಮ ಫೈಲುಗಳನ್ನಲ್ಲ. ಬೂಟ್ ಫೋಲ್ಡರಿಗೆ ಬೇರೆ ಪಾರ್ಟಿಷನ್ ಇದ್ದರೆ ಅದರಲ್ಲಿ ಜಾಗ ಇದೆಯೇ ನೋಡಬೇಕು, ತುಂಬಿದ್ದರೂ ನಮ್ಮ ಅಂಗಡಿಯ ಕಥೆಯೇ ಆಗುತ್ತದೆ. ವಾರ ಬಳಸಿ, ವೈಫೈ, ಪ್ರಿಂಟರ್ ಸರಿಯಿದ್ದರೆ ಉಳಿದವಕ್ಕೆ ಮಾಡೋಣ.

ಮೊದಲು ಯಾವುದಕ್ಕೆ ಎಂದು ಸರ್ ಕೇಳಿದರೆ, ಕಿಟಕಿ ಪಕ್ಕದ ಏಳನೆಯದಕ್ಕೆ ಎನ್ನುತ್ತೇನೆ. ಅದರ ಕೀಬೋರ್ಡಿನಲ್ಲಿ ಎಂಟರ್ ಕೀ ಎರಡು ಸಲ ಒತ್ತದೆ ಕೆಲಸ ಮಾಡುವುದಿಲ್ಲವಾದ್ದರಿಂದ ಅಲ್ಲಿ ಯಾರೂ ಕೂರುವುದಿಲ್ಲ.