ನಿದ್ರೆಯ ಮದ್ದು, ಎಚ್ಚರದ ಕಾವಲು

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ ರೋಗಿಗೆ ಒಂದು, ಎರಡು ಎಂದು ಎಣಿಸುವಂತೆ ವೈದ್ಯರು ಹೇಳುತ್ತಾರೆ. ತೋಳಿನ ರಕ್ತನಾಳಕ್ಕೆ ಮದ್ದು ಸೇರುತ್ತದೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ನಾಲಗೆ ತೊದಲುತ್ತದೆ, ರೆಪ್ಪೆ ಮುಚ್ಚುತ್ತದೆ. ತೋಳಿನ ರಕ್ತ ಹೃದಯವನ್ನು ಹಾದು ಮಿದುಳನ್ನು ಮುಟ್ಟಲು ಬೇಕಾದಷ್ಟೇ ಕಾಲ ಅದು.

1846ರಲ್ಲಿ ಬಾಸ್ಟನ್ ನಗರದಲ್ಲಿ ಈಥರ್ ಬಳಕೆಗೆ ಬಂದಂದಿನಿಂದ ಬಹುಕಾಲ ಅರಿವಳಿಕೆಯೆಂದರೆ ಉಸಿರಿನೊಡನೆ ಸೇವಿಸುವ ಆವಿಯೇ ಆಗಿತ್ತು. ರೋಗಿ ಕೆಮ್ಮುತ್ತ, ಒದ್ದಾಡುತ್ತ ನಿದ್ರೆಗೆ ಜಾರಬೇಕಿತ್ತು. ಈ ಸಂಕಟವನ್ನು ನೀಗಿದ ಸೂಜಿಮದ್ದುಗಳಲ್ಲಿ ಪ್ರಮುಖವಾದುದು ಥಯೋಪೆಂಟಾಲ್. ಅಮೆರಿಕದ ವೋಲ್ವೈಲರ್ ಮತ್ತು ಟೇಬರ್ನ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಈ ಹಳದಿ ಪುಡಿಯ ದ್ರಾವಣವನ್ನು 1934ರ ಮಾರ್ಚಿಯಲ್ಲಿ ವಿಸ್ಕಾನ್ಸಿನ್ನಿನ ರಾಲ್ಫ್ ವಾಟರ್ಸ್ ಮೊದಲಬಾರಿಗೆ ಮನುಷ್ಯರಿಗೆ ನೀಡಿದರು.

ಒಮ್ಮೆ ಕೊಟ್ಟರೆ ಐದು ಹತ್ತು ನಿಮಿಷಗಳಲ್ಲಿ ರೋಗಿ ಕಣ್ಣು ತೆರೆಯುತ್ತಾನೆ. ಹಾಗಾದರೆ ಮದ್ದು ಮೈಯಿಂದ ಹೊರಟುಹೋಯಿತೆ? ಇಲ್ಲ, ಸ್ಥಳ ಬದಲಿಸಿತು, ಅಷ್ಟೆ! ಹೇರಳವಾಗಿ ರಕ್ತ ಪಡೆಯುವ ಮಿದುಳಿಗೆ ಮೊದಲು ನುಗ್ಗಿದ ಮದ್ದು ಬಳಿಕ ಸ್ನಾಯುಗಳಿಗೂ, ಮೆಲ್ಲಮೆಲ್ಲನೆ ಕೊಬ್ಬಿಗೂ ಹಂಚಿಹೋಗುತ್ತದೆ. ಮೊದಲ ಮಳೆಯ ನೀರನ್ನು ಒಣ ಹೊಲ ಹೀರಿಬಿಡುತ್ತದೆ. ಹೊಲ ನೆನೆದ ಮೇಲೆ ಬಿದ್ದ ನೀರು ನಿಂತುಬಿಡುತ್ತದೆ. ಥಯೋಪೆಂಟಾಲನ್ನು ಮತ್ತೆ ಮತ್ತೆ ಕೊಟ್ಟರೂ ಹೀಗೆಯೇ. ಯಕೃತ್ತು ಅದನ್ನು ಬಹು ನಿಧಾನವಾಗಿ ಕರಗಿಸುವುದರಿಂದ ರೋಗಿ ಗಂಟೆಗಟ್ಟಲೆ ಏಳಲಾರ. ಆದಕಾರಣ ನಿದ್ರೆ ಬರಿಸಲು ಸೂಜಿ, ಅದನ್ನು ಉಳಿಸಲು ಆವಿ ಎಂಬ ಪದ್ಧತಿ ನೆಲೆಯೂರಿತು.

ನಿದ್ರೆ ಬರಿಸಿ ಉಳಿಸಲೂ ಬಲ್ಲ ಮದ್ದನ್ನು ಅರಸಿದವರಲ್ಲಿ ಬ್ರಿಟನ್ನಿನ ಐ.ಸಿ.ಐ. ಸಂಸ್ಥೆಯ ಜಾನ್ ಗ್ಲೆನ್ ಒಬ್ಬರು. ಅವರು ಪಶುವೈದ್ಯರು! 1973ರಲ್ಲಿ ಅವರ ತಂಡಕ್ಕೆ ದೊರೆತ ಪ್ರೊಪೊಫಾಲ್ ನೀರಿನಲ್ಲಿ ಕರಗದು. ಮೊದಲು ಬಳಸಿದ ದ್ರಾವಕ ಕೆಲವರ ಮೈಗೆ ಒಗ್ಗದೆ ಅಪಾಯ ತಂದಿತು. ಕೊನೆಗೆ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಬೆರೆಸಿ ಹಾಲಿನಂತೆ ಬೆಳ್ಳಗಿನ ಮದ್ದನ್ನು ಸಿದ್ಧಗೊಳಿಸಲಾಯಿತು. 1986ರಲ್ಲಿ ಅದು ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತು. ಯಕೃತ್ತು ಇದನ್ನು ಬೇಗನೆ ಕರಗಿಸುವುದರಿಂದ ಪಂಪಿನ ಮೂಲಕ ಅಳೆದು ಹರಿಸುತ್ತ ಗಂಟೆಗಳ ಕಾಲ ನಿದ್ರೆಯನ್ನು ಕಾಯ್ದುಕೊಳ್ಳಬಹುದು; ನಿಲ್ಲಿಸಿದರೆ ರೋಗಿ ಸಾಮಾನ್ಯವಾಗಿ ಬೇಗನೆ ಎಚ್ಚರಗೊಳ್ಳುತ್ತಾನೆ. ಈ ಸಾಧನೆಗಾಗಿ ಗ್ಲೆನ್ನರಿಗೆ 2018ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಆದರೆ ನಿದ್ರೆ ತರುವ ಪ್ರಮಾಣವೇ ಉಸಿರನ್ನು ನಿಲ್ಲಿಸಬಲ್ಲದು, ರಕ್ತದೊತ್ತಡವನ್ನು ಕುಗ್ಗಿಸಬಲ್ಲದು. ಇದರ ಪ್ರಭಾವವನ್ನು ಒಡನೆ ಅಳಿಸುವ ಪ್ರತಿಮದ್ದಿಲ್ಲ. 2009ರಲ್ಲಿ ಗಾಯಕ ಮೈಕೆಲ್ ಜಾಕ್ಸನ್ ಮನೆಯಲ್ಲಿಯೇ ನಿದ್ರೆಗಾಗಿ ಪ್ರೊಪೊಫಾಲ್ ಪಡೆದು ಅಸುನೀಗಿದುದು ಲೋಕಕ್ಕೆಲ್ಲ ತಿಳಿದ ಸಂಗತಿ. ಅದೇ ಮದ್ದು ಶಸ್ತ್ರಚಿಕಿತ್ಸಾಲಯದಲ್ಲಿ ಅಸಂಖ್ಯ ರೋಗಿಗಳನ್ನು ಕ್ಷೇಮವಾಗಿ ದಡ ಸೇರಿಸುತ್ತಿದೆ. ಅಲ್ಲಿ ರೋಗಿಯ ತಲೆಯ ಬಳಿ ಒಬ್ಬರು ಕುಳಿತು, ಅವನ ಉಸಿರನ್ನೂ ನಾಡಿಯನ್ನೂ ಕ್ಷಣಕ್ಷಣವೂ ಗಮನಿಸುತ್ತ, ಉಸಿರು ನಿಂತಾಗ ತಾವೇ ಉಸಿರು ತುಂಬುತ್ತಿರುತ್ತಾರೆ. ರೋಗಿಯ ನಿದ್ರೆಗೆ ಮದ್ದು ಸಾಕು. ಅವನು ಮರಳಿ ಏಳಲು ಇನ್ನೊಬ್ಬರು ಎಚ್ಚರವಾಗಿರಬೇಕು.